ಉಡುಗೊರೆಯ ಜೊತೆ ರಸೀದಿಯೂ ಬರಲಿ

ಹಳೇಬೀಡು, ಬೇಲೂರು, ಅರಸೀಕೆರೆ ಸೀಮೆಯ ಮದುವೆಗಳಲ್ಲಿ ಮುಯ್ಯಿ ಓದಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಧಾರೆ ಮುಗಿದ ಮೇಲೆ ಅಕ್ಷರ ದುಂಡಗಿರುವ ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರೆ. ಇಂಥ ಊರಿನ ಇಂಥವರು ನೂರಾ ಒಂದು ರೂಪಾಯಿ, ಸೋದರಮಾವನ ಕಡೆಯವರು ಒಂದು ಹಿತ್ತಾಳೆ ಕೊಳಗ ಎಂದು ಕೊಟ್ಟವರ ಹೆಸರು, ಕೊಟ್ಟ ವಸ್ತು, ಮೊತ್ತ ಎಲ್ಲವೂ ಜನರೆದುರೇ ದಾಖಲಾಗುತ್ತವೆ. ಆ ಪುಸ್ತಕಕ್ಕೆ ಬೀರುವಿನಲ್ಲಿ ಮನೆಯ ಪತ್ರಗಳ ಪಕ್ಕದಲ್ಲೇ ಜಾಗ. ಮುಂದೆ ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಅದನ್ನು ತೆಗೆದು ನೋಡಿ ಮುಯ್ಯಿ ತೀರಿಸುತ್ತಾರೆ.

ಈಗ ಅದೇ ಮಂಟಪದಲ್ಲಿ ಕೈಗೆ ಬರುವ ಕವರಿನೊಳಗೆ ನೋಟಿನ ಬದಲು ಪ್ಲಾಸ್ಟಿಕ್ ಕಾರ್ಡ್ ಇರುವುದುಂಟು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು, ಅವರ ಸ್ನೇಹಿತರು, ಕಂಪನಿಯ ಸಹೋದ್ಯೋಗಿಗಳು ಕೊಟ್ಟ ಗಿಫ್ಟ್ ಕಾರ್ಡ್ ಅದು. ಕೆಲವೊಮ್ಮೆ ಕಾರ್ಡೂ ಇಲ್ಲ, ಮೊಬೈಲ್‌ಗೆ ಬಂದ ಒಂದು ಸಂದೇಶ, ಅದರಲ್ಲೊಂದು ಉದ್ದದ ಸಂಖ್ಯೆ, ಅಷ್ಟೆ. ಕೊಡುವವರಿಗೆ ಇದು ಸಲೀಸು. ಸೈಜು, ಬಣ್ಣ, ರುಚಿ ಯಾವುದನ್ನೂ ಊಹಿಸಬೇಕಾಗಿಲ್ಲ. ಪಡೆದವರಿಗೂ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವ ಅನುಕೂಲ. ಆದರೆ ಆ ಕಾರ್ಡ್ ಕೈಕೊಟ್ಟ ದಿನ ಯಾರನ್ನು ಕೇಳಬೇಕು, ಏನೆಂದು ಕೇಳಬೇಕು ಎಂಬುದು ಬಹುಪಾಲು ಜನರಿಗೆ ಗೊತ್ತಿಲ್ಲ. ಗೊತ್ತಾಗುವ ಹಾಗೆ ಯಾರೂ ಹೇಳಿಯೂ ಇಲ್ಲ.

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರಿಗೆ ಆದದ್ದನ್ನು ನಾನು ಹತ್ತಿರದಿಂದ ನೋಡಿದೆ. ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡು ಶಾಲು ಹೊದಿಸಿ, ಫಲತಾಂಬೂಲದ ಜೊತೆ ಬಟ್ಟೆ ಮಳಿಗೆಯೊಂದರ ಐದು ಸಾವಿರ ರೂಪಾಯಿಯ ಕಾರ್ಡ್ ಕೊಟ್ಟಿದ್ದರು. ಮಡಿಸಿದ ದಪ್ಪ ಕಾಗದದೊಳಗೆ ಅಂಟಿಸಿದ ಹೊಳೆಯುವ ಕಾರ್ಡ್, ಮೇಲೆ ಕೆಂಪು ರಿಬ್ಬನ್. ಬೆನ್ನಿನಲ್ಲಿ ಹದಿನಾರು ಅಂಕಿಯ ಸಂಖ್ಯೆ, ಕೆಳಗೆ ಉಜ್ಜಿದರೆ ಕಾಣುವ ಪಿನ್. ಆ ಕಂಪನಿಯ ಅಂಗಡಿ ಹಳೇಬೀಡಿನಲ್ಲಿಲ್ಲ, ಬೇಲೂರಿನಲ್ಲೂ ಇಲ್ಲ. ಮೇಷ್ಟ್ರು ಮತ್ತು ಅವರ ಮನೆಯವರು ಬಸ್ ಹತ್ತಿ ಹಾಸನಕ್ಕೆ ಹೋದರು. ಸೀರೆಯೊಂದು, ಎರಡು ಶರ್ಟು ಆರಿಸಿ ಬಿಲ್ ಕೌಂಟರಿಗೆ ಬಂದರೆ ಅಲ್ಲಿದ್ದ ಹುಡುಗ ಕಾರ್ಡನ್ನು ಎರಡು ಸಲ ಉಜ್ಜಿ ನೋಡಿ, "ಸಾರ್, ಆಕ್ಟಿವ್ ಆಗಿಲ್ಲ ಅಂತ ತೋರಿಸ್ತಿದೆ" ಅಂದ. ಹಿಂದೆ ಜನ ಸಾಲುಗಟ್ಟಿದ್ದರು. ಮೇಷ್ಟ್ರು ಶರ್ಟುಗಳನ್ನು ವಾಪಸ್ಸಿಟ್ಟು, ಸೀರೆಗೆ ಕೈಯಿಂದ ದುಡ್ಡು ಕೊಟ್ಟು ಬಂದರು.

ಕಾರ್ಡಿನ ಹಿಂದಿದ್ದ ಸಹಾಯವಾಣಿಗೆ ಕರೆ ಮಾಡುವಾಗ ನಾನು ಅವರ ಮನೆಯ ಜಗಲಿಯಲ್ಲೇ ಇದ್ದೆ. ಮೊದಲು ಹಾಡು, ಆಮೇಲೆ ಒಂದು ಒತ್ತಿ ಎರಡು ಒತ್ತಿ. ಕನ್ನಡ ಕೊನೆಯ ಆಯ್ಕೆ. ಕಡೆಗೆ ಮಾತಿಗೆ ಸಿಕ್ಕ ಹುಡುಗಿ ತುಂಬಾ ಮರ್ಯಾದೆಯಿಂದಲೇ ಮಾತಾಡಿದಳು.

"ಸರ್, ಕಾರ್ಡ್ ಖರೀದಿ ಮಾಡಿದವರೇ ಕರೆ ಮಾಡಬೇಕು. ಅವರ ಮೊಬೈಲ್‌ನಿಂದಾನೇ ಮಾಡಿಸಿ."

"ಅಮ್ಮ, ಕಾರ್ಡು ನನ್ನ ಕೈಲೇ ಇದೆ. ನಂಬರ್ ಬೇಕಾದ್ರೆ ಓದಿ ಹೇಳ್ತೀನಿ."

"ಅರ್ಥ ಆಗುತ್ತೆ ಸರ್. ಆದ್ರೆ ನಮಗೆ ಬಿಲ್ ಬೇಕು."

"ಉಡುಗೊರೆ ಕೊಟ್ಟವರ ಹತ್ರ ಬಿಲ್ ಕೊಡಿ ಅಂತ ಹೇಗೆ ಕೇಳೋದಮ್ಮ?"

ಆ ಕಡೆಯಿಂದ ಉತ್ತರ ಬರಲಿಲ್ಲ. ಆ ಪ್ರಶ್ನೆಗೆ ಉತ್ತರ ಅವಳ ಮುಂದಿನ ಪರದೆಯ ಮೇಲೆ ಇದ್ದಿರಲಾರದು. ಮೇಷ್ಟ್ರು ಕಾರ್ಡನ್ನು ಮಡಿಸಿದ ಕಾಗದದೊಳಗೇ ಇಟ್ಟು, "ಬಿಡಪ್ಪ, ಹುಡುಗರು ಪ್ರೀತಿಯಿಂದ ಕೊಟ್ಟಿದ್ದಾರೆ, ಅದೇ ದೊಡ್ಡದು. ಅವರಿಗೆ ಹೇಳಿ ಬೇಜಾರು ಮಾಡೋದು ಬೇಡ" ಅಂದುಬಿಟ್ಟರು.

ಎಷ್ಟು ಮನೆಗಳಲ್ಲಿ ಹೀಗೇ ಆಗಿರಬಹುದು ಎಂದು ಅವತ್ತಿನಿಂದ ಯೋಚಿಸುತ್ತಿದ್ದೇನೆ. ಕಂಪನಿಗೆ ದುಡ್ಡು ಮುಂಗಡವಾಗಿ ಸಂದಾಯವಾಗಿದೆ. ಕೊಟ್ಟವರು ಕೊಟ್ಟ ಸಂತೋಷದಲ್ಲಿದ್ದಾರೆ. ಪಡೆದವರು ಸಂಕೋಚದಿಂದ ಬಾಯಿ ಬಿಡುವುದಿಲ್ಲ. ಸಾಮಾನ್ಯ ಖರೀದಿಯಲ್ಲಿ ದುಡ್ಡು ಕೊಟ್ಟವನೂ ನಷ್ಟ ಅನುಭವಿಸಿದವನೂ ಒಬ್ಬನೇ ಆಗಿರುವುದರಿಂದ ಜಗಳವಾದರೂ ಆಡುತ್ತಾನೆ. ಗಿಫ್ಟ್ ಕಾರ್ಡಿನಲ್ಲಿ ಬಿಲ್ ಒಬ್ಬರ ಹತ್ತಿರ, ಕಾರ್ಡ್ ಇನ್ನೊಬ್ಬರ ಹತ್ತಿರ. ನಡುವೆ ಬಿದ್ದ ದೂರನ್ನು ಎತ್ತಿಕೊಳ್ಳುವವರೇ ಇಲ್ಲ.

ಮೇಷ್ಟ್ರಿಗೆ ತಿಳಿಸದೆ ನಾನೇ ಒಬ್ಬ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಆತ ಬಿಲ್ ಹುಡುಕಿ ಫೋಟೊ ಕಳಿಸಿದ. ವಿಷಯ ಅದರಲ್ಲೇ ಇತ್ತು. ಇಬ್ಬರು ಗುರುಗಳಿಗೆಂದು ಎರಡು ಕಾರ್ಡ್ ಕೊಂಡಿದ್ದರು, ಎರಡರ ದುಡ್ಡೂ ಬಿಲ್ಲಿನಲ್ಲಿ ಸೇರಿತ್ತು. ಆದರೆ ಮಂಜೂರಾತಿ ಸಂಖ್ಯೆ ಅಚ್ಚಾಗಿದ್ದುದು ಒಂದರ ಮುಂದೆ ಮಾತ್ರ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯ ಸ್ಟ್ಯಾಂಡಿನಲ್ಲಿ ತೂಗುಹಾಕಿರುವ ಗಿಫ್ಟ್ ಕಾರ್ಡ್‌ಗೆ ಬೆಲೆಯೇ ಇಲ್ಲ. ಕದ್ದುಕೊಂಡು ಹೋದರೂ ಅದು ಬರಿಯ ಪ್ಲಾಸ್ಟಿಕ್. ದುಡ್ಡು ಕಟ್ಟಿದಾಗ ಕೌಂಟರಿನ ಯಂತ್ರದಿಂದ ಕಂಪ್ಯೂಟರ್ ಜಾಲದ ಮೂಲಕ ಒಂದು ಸಂದೇಶ ಹೋಗಿ, ಇಂಥ ಸಂಖ್ಯೆಗೆ ಇಷ್ಟು ಮೊತ್ತ ಎಂದು ಬೇರೆಲ್ಲೋ ಇರುವ ಖಾತೆಯಲ್ಲಿ ದಾಖಲಾಗಿ, ಸರಿ ಎಂಬ ಉತ್ತರ, ಅಂದರೆ ಮಂಜೂರಾತಿ ಸಂಖ್ಯೆ, ವಾಪಸ್ ಬಂದಾಗಲೇ ಅದಕ್ಕೆ ಜೀವ. ನೆಟ್‌ವರ್ಕ್ ನಡುವೆ ಕಡಿದರೆ, ಗಡಿಬಿಡಿಯಲ್ಲಿ ಎರಡು ಕಾರ್ಡಿನ ಬದಲು ಒಂದನ್ನೇ ಎರಡು ಸಲ ಉಜ್ಜಿದರೆ ದುಡ್ಡು ಸಂದಾಯವಾಗಿಯೂ ಕಾರ್ಡ್ ಸತ್ತೇ ಇರುತ್ತದೆ. ಕೊಂಡವರಿಗೆ ಆಗಲೇ ಸಿಗುವ ಸುಳಿವು ಆ ಬಿಲ್ಲಿನ ಸಣ್ಣಕ್ಷರದ ಸಾಲು.

ಕಾರ್ಡ್ ನಡೆಯದಿರಲು ಬೇರೆ ಕಾರಣಗಳೂ ಇವೆ. ಅವಧಿ ಮುಗಿದಿರಬಹುದು. ಪಿನ್ ಮೇಲಿನ ಪದರವನ್ನು ನಾಣ್ಯದಿಂದ ಜೋರಾಗಿ ಉಜ್ಜಿ ಅಂಕಿಯೇ ಅಳಿಸಿಹೋಗಿರಬಹುದು. ಸಣ್ಣ ಊರುಗಳಲ್ಲಿ ಫ್ರಾಂಚೈಸಿಯವರು ನಡೆಸುವ ಮಳಿಗೆ ಅದೇ ಬೋರ್ಡ್ ಹಾಕಿಕೊಂಡಿದ್ದರೂ ಕಂಪನಿಯ ಕಾರ್ಡ್ ತೆಗೆದುಕೊಳ್ಳದೇ ಇರಬಹುದು. ಅಮೆರಿಕದಲ್ಲಿರುವ ಮಗ ಅಲ್ಲಿನ ಜಾಲತಾಣದಲ್ಲಿ ಡಾಲರ್ ಕೊಟ್ಟು ಕೊಂಡ ಕಾರ್ಡ್ ಅದೇ ಕಂಪನಿಯ ಭಾರತದ ತಾಣದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹೆಸರು ಒಂದೇ ಆದರೂ ದೇಶಕ್ಕೊಂದು ಲೆಕ್ಕ. ಹೊರದೇಶದಲ್ಲಿ ಮಕ್ಕಳಿರುವ ನಮ್ಮ ಕಡೆಯ ಅಪ್ಪ ಅಮ್ಮಂದಿರು ಎಡವುವುದು ಹೆಚ್ಚಾಗಿ ಇಲ್ಲೇ. ಕಳಿಸುವ ಮಕ್ಕಳು ಹುಟ್ಟೂರಿನ ಪಿನ್‌ಕೋಡ್‌ಗೆ ತಲುಪಿಸುವ ಇಲ್ಲಿನ ತಾಣದಲ್ಲೇ ಕಾರ್ಡ್ ಕೊಂಡರೆ ಈ ತೊಂದರೆ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಕಾರ್ಡಿನ ಹಣವನ್ನು ಇನ್ಯಾರೋ ಮೊದಲೇ ಬಳಸಿಬಿಟ್ಟಿರುವುದು. ಸಂಖ್ಯೆ ಮತ್ತು ಪಿನ್ ತಿಳಿದವರೇ ಕಾರ್ಡಿನ ಒಡೆಯರಾದ್ದರಿಂದ ಕಳ್ಳರಿಗೆ ಇದು ಸುಲಭದ ಗುರಿ. 2023ರಲ್ಲಿ ಬೆಂಗಳೂರು ಪೊಲೀಸರು ಬಂಧಿಸಿದ ಒಬ್ಬ ಎಂಜಿನಿಯರ್, ರಿವಾರ್ಡ್ ವೋಚರ್‌ಗಳನ್ನು ನಿರ್ವಹಿಸುವ ಕಂಪನಿಯ ಕಂಪ್ಯೂಟರ್ ವ್ಯವಸ್ಥೆಗೆ ನುಗ್ಗಿ ಬೇರೆಯವರಿಗೆ ಸೇರಬೇಕಾದ ವೋಚರ್‌ಗಳಿಂದ ಕೆ.ಜಿ.ಗಟ್ಟಲೆ ಚಿನ್ನ, ಬೆಳ್ಳಿ ಕೊಂಡಿಟ್ಟ ಆರೋಪ ಎದುರಿಸಿದ್ದ. ವಾಟ್ಸ್ಆ್ಯಪ್‌ನಲ್ಲಿ ಮೇಲಧಿಕಾರಿಯ ಫೋಟೊ ಹಾಕಿಕೊಂಡು, ಮೀಟಿಂಗ್‌ನಲ್ಲಿದ್ದೇನೆ, ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ಕೊಂಡು ಅದರ ಕೋಡ್ ಕಳಿಸು ಎನ್ನುವ ಮೋಸವೂ ಇದೇ ಜಾತಿಯದು. ಕೋಡ್ ಹೇಳಿದ ಕ್ಷಣಕ್ಕೆ ಹಣ ಹೋದಂತೆಯೇ.

ಇನ್ನೊಂದು ಬಲೆ ದೂರು ಕೊಡಲು ಹೊರಟವರಿಗೇ ಕಾದಿರುತ್ತದೆ. ಕಾರ್ಡ್ ನಡೆಯಲಿಲ್ಲವೆಂದು ಗೂಗಲ್‌ನಲ್ಲಿ ಕಂಪನಿಯ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ ಮೇಲೆ ಕಾಣಿಸುವ ಸಂಖ್ಯೆ ವಂಚಕರದ್ದಾಗಿರಬಹುದು. ಅವರು ಕನ್ನಡದಲ್ಲೇ ಚೆನ್ನಾಗಿ ಮಾತಾಡುತ್ತಾರೆ, ಒಂದು ಆ್ಯಪ್ ಹಾಕಿಕೊಳ್ಳಿ ಸಾರ್ ರೀಫಂಡ್ ಮಾಡುತ್ತೇವೆ ಎನ್ನುತ್ತಾರೆ. ಅದನ್ನು ಹಾಕಿಕೊಂಡರೆ ನಿಮ್ಮ ಮೊಬೈಲ್ ಪರದೆ ಅವರಿಗೆ ಕಾಣುತ್ತದೆ, ಬ್ಯಾಂಕ್ ಖಾತೆಯೂ ಖಾಲಿಯಾಗುತ್ತದೆ. ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದ ಅಥವಾ ಕಂಪನಿಯ ಸ್ವಂತ ಜಾಲತಾಣದಿಂದಲೇ ತೆಗೆದುಕೊಳ್ಳಬೇಕು. ಮೋಸ ಹೋಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಈಗ ಕಾರ್ಡನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದೋಣ. ಮುಂದೆ ಇರುವುದು ಬಟ್ಟೆ ಮಳಿಗೆಯ ಹೆಸರು. ಹಿಂದೆ ಕೆಲವೊಮ್ಮೆ ಬೇರೆಯೇ ಕಂಪನಿಯ ಹೆಸರಿರುತ್ತದೆ. ಎಷ್ಟೋ ಬ್ರ್ಯಾಂಡ್‌ಗಳ ಕಾರ್ಡಿನ ಸಂಖ್ಯೆ, ಪಿನ್, ಉಳಿದ ಮೊತ್ತ ಇವುಗಳ ಲೆಕ್ಕ ನೋಡಿಕೊಳ್ಳುವುದು ಮೂರನೆಯ ಸಂಸ್ಥೆ. ಈ ಉದ್ಯಮ ಬೆಳೆದದ್ದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. 2006ರಲ್ಲಿ ಅಲ್ಲಿ ಶುರುವಾದ ಕ್ವಿಕ್‌ಸಿಲ್ವರ್ ದೇಶದ ಅನೇಕ ಮಳಿಗೆಗಳಿಗೆ ಗಿಫ್ಟ್ ಕಾರ್ಡ್ ತಂತ್ರಜ್ಞಾನ ಒದಗಿಸಿ, 2019ರಲ್ಲಿ ಪೈನ್ ಲ್ಯಾಬ್ಸ್‌ನ ಪಾಲಾಯಿತು. ಹಾಸನದ ಕೌಂಟರಿನಲ್ಲಿ ನಿಂತ ಹುಡುಗನಿಗೆ ಏನೂ ಗೊತ್ತಿಲ್ಲದಿರುವುದು ಅವನ ಉದಾಸೀನದಿಂದಲ್ಲ. ಲೆಕ್ಕದ ಪುಸ್ತಕ ಅವನ ಮಾಲೀಕರ ಹತ್ತಿರವೂ ಇಲ್ಲದಿರಬಹುದು. ಅದಕ್ಕೇ ದೂರನ್ನು ಅಂಗಡಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಕಾರ್ಡ್ ಹೊರಡಿಸಿದ ಸಂಸ್ಥೆಗೆ ಬರಹದಲ್ಲಿ ಹೋಗಬೇಕು.

ಹೊರಡಿಸಿದವರು ಯಾರು ಎಂಬುದರ ಮೇಲೆ ಕಾನೂನಿನ ರಕ್ಷಣೆಯೂ ಬದಲಾಗುತ್ತದೆ. ಗಿಫ್ಟ್ ಕಾರ್ಡ್‌ಗಳಲ್ಲಿ ಎರಡು ಬಗೆ. ಒಂದು, ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕ್ ಅನುಮತಿ ಪಡೆದ ಸಂಸ್ಥೆ ಹೊರಡಿಸುವ, ಹಲವು ಅಂಗಡಿಗಳಲ್ಲಿ ನಡೆಯುವ ಕಾರ್ಡ್. ಇನ್ನೊಂದು, ಒಂದು ಕಂಪನಿ ತನ್ನದೇ ಮಳಿಗೆಯಲ್ಲಿ ಮಾತ್ರ ಬಳಸಲೆಂದು ತಾನೇ ಹೊರಡಿಸುವ ಕಾರ್ಡ್.

ಮೊದಲ ಬಗೆಗೆ ರಿಸರ್ವ್ ಬ್ಯಾಂಕಿನ ಲಗಾಮಿದೆ. 2021ರ ಆಗಸ್ಟ್ 27ರ ಅದರ ನಿರ್ದೇಶನ ಗಿಫ್ಟ್ ಕಾರ್ಡೂ ಸೇರಿದ ಮುಂಗಡ ಪಾವತಿ ಸಾಧನಗಳ ಬಗ್ಗೆ ಸಾಕಷ್ಟು ವಿವರವಾಗಿದೆ. ಒಂದು ಗಿಫ್ಟ್ ಕಾರ್ಡಿನ ಮೊತ್ತ 10,000 ರೂಪಾಯಿ ಮೀರುವಂತಿಲ್ಲ. ಮತ್ತೆ ಹಣ ತುಂಬುವಂತಿಲ್ಲ. ನಗದು ತೆಗೆಯಲಾಗದು, ಆದರೆ ಕಾರ್ಡ್ ಹೊಂದಿರುವವರ ಒಪ್ಪಿಗೆ ಇದ್ದರೆ ಹಣ ಬಂದ ಮೂಲ ಖಾತೆಗೆ ಅದನ್ನು ಹಿಂದಿರುಗಿಸಬಹುದು. ಅವಧಿ ಕನಿಷ್ಠ ಒಂದು ವರ್ಷ ಇರಬೇಕು, ಮುಗಿಯುವ 45 ದಿನಗಳ ಮುಂಚಿನಿಂದ ಆಗಾಗ ಎಚ್ಚರಿಸಬೇಕು. ಷರತ್ತುಗಳು ಸರಳ ಭಾಷೆಯಲ್ಲಿ ಇರಬೇಕು, ಇಂಗ್ಲಿಷ್, ಹಿಂದಿಯ ಜೊತೆ ಸ್ಥಳೀಯ ಭಾಷೆಯಲ್ಲೂ ಇದ್ದರೆ ಮೇಲು ಎಂದು ನಿರ್ದೇಶನವೇ ಹೇಳುತ್ತದೆ. ದೂರನ್ನು ಸಾಧ್ಯವಾದರೆ 48 ಗಂಟೆಯೊಳಗೆ, ಹೆಚ್ಚೆಂದರೆ 30 ದಿನದೊಳಗೆ ಬಗೆಹರಿಸಬೇಕು.

ಇವುಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಜನರಿಗೆ ಅತಿ ಕಡಿಮೆ ಗೊತ್ತಿರುವ ಒಂದು ನಿಯಮ. ಕಾರ್ಡಿನ ಅವಧಿ ಮುಗಿದರೆ ಅದರಲ್ಲಿದ್ದ ಹಣ ಆ ಕ್ಷಣವೇ ಕಂಪನಿಯ ಲಾಭವಾಗುವುದಿಲ್ಲ. ಬ್ಯಾಂಕೇತರ ಸಂಸ್ಥೆಯಾದರೆ ಅವಧಿ ಮುಗಿದ ದಿನದಿಂದ ಕನಿಷ್ಠ ಮೂರು ವರ್ಷ ಅದನ್ನು ತನ್ನ ಲಾಭ ನಷ್ಟದ ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಅವಧಿ ಮುಗಿದ ಮೇಲೂ ಕಾರ್ಡ್ ಇದ್ದವರು ಬಂದು ಕೇಳಿದರೆ ಆ ಮೊತ್ತವನ್ನು ಬ್ಯಾಂಕ್ ಖಾತೆಗೆ ಹಾಕಬೇಕು. ಆದರೆ ಫೋನ್ ಮಾಡಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ, ಡೇಟ್ ಆಗಿದೆ ಸರ್ ಏನೂ ಮಾಡೋಕೆ ಬರಲ್ಲ, ಎಂಬುದು. ಬಡಪಾಯಿಗಳು ಅದನ್ನೇ ನಂಬಿ ಕಾರ್ಡನ್ನು ಕಸಕ್ಕೆ ಹಾಕುತ್ತಾರೆ.

ಇದೇ ಬಗೆಯ ಕಾರ್ಡಿನಲ್ಲಿ ಹಣ ಕಡಿತವಾಗಿ ಅಂಗಡಿಗೆ ಖಾತರಿ ಸಂದೇಶ ತಲುಪದಿದ್ದರೆ, ಮರುದಿನದೊಳಗೆ ಅದು ತಾನಾಗಿಯೇ ಕಾರ್ಡಿಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸೇರಬೇಕು ಎಂದು 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿದೆ. ಗ್ರಾಹಕ ಅರ್ಜಿ ಹಾಕಿ ಗೋಗರೆಯಬೇಕಾಗಿಲ್ಲ, ತಾನಾಗಿಯೇ ಕೊಡಬೇಕು ಎಂಬುದು ಅದರ ಆಶಯ.

ಎರಡನೆಯ ಬಗೆ, ಅಂದರೆ ಕಂಪನಿ ತನ್ನ ಮಳಿಗೆಗಷ್ಟೇ ಹೊರಡಿಸಿದ ಕಾರ್ಡ್, ಈ ನಿಯಮಗಳ ಹೊರಗೆ ಉಳಿಯುತ್ತದೆ. ಅದಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಕಿಲ್ಲ. ಮದುವೆ, ಗುರುವಂದನೆಗಳಲ್ಲಿ ಕೈ ಬದಲಾಗುವ ಮಳಿಗೆಯ ಕಾರ್ಡ್‌ಗಳಲ್ಲಿ ಈ ಬಗೆಯವು ಬಹಳ. ಅಮೆರಿಕದಲ್ಲಿ 2009ರ ಕಾಯ್ದೆ ಅಂಗಡಿಯ ಕಾರ್ಡ್ ಸೇರಿ ಗಿಫ್ಟ್ ಕಾರ್ಡ್‌ಗಳಿಗೆ ಕನಿಷ್ಠ ಐದು ವರ್ಷದ ಬಾಳಿಕೆ ಕೊಟ್ಟಿದೆ. ನಮ್ಮಲ್ಲಿ ಅಂಗಡಿಯ ಕಾರ್ಡಿಗೆ ಅಂಥ ಕನಿಷ್ಠ ಮಿತಿಯ ಕಾನೂನು ಬಂದರೆ ಅದು ಊರೂರಿನ ಸಾಮಾನ್ಯ ಮನೆಗಳಿಗೆ ನೇರವಾಗಿ ಮುಟ್ಟುವ ಉಪಕಾರ.

ಉಡುಗೊರೆಗೆ ಷರತ್ತು, ಅವಧಿ ಬರೆಯುವುದು ಹಳೇಬೀಡಿನ ನೆಲಕ್ಕೆ ಹೊಸದಲ್ಲ. ಹೊಯ್ಸಳರ ದೋರಸಮುದ್ರ ಇದು. ಹೊಯ್ಸಳೇಶ್ವರದ ಆವರಣದಲ್ಲಿ, ಬಸ್ತಿಹಳ್ಳಿಯ ಬಸದಿಗಳ ಬಳಿ ನಿಂತಿರುವ ಶಾಸನಗಳಲ್ಲಿ ದಾನಶಾಸನಗಳೂ ಇವೆ. ಇಂಥ ಶಾಸನಗಳ ಕ್ರಮವನ್ನು ಗಮನಿಸಿ ನೋಡಿದರೆ ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದೇನು, ಅದರ ಎಲ್ಲೆ ಯಾವ ಮರದಿಂದ ಯಾವ ಕೆರೆಯವರೆಗೆ, ಸಾಕ್ಷಿ ಯಾರು ಎಂಬುದೆಲ್ಲ ಒಂದಾದಮೇಲೊಂದು ಬರುತ್ತದೆ. ಸೂರ್ಯಚಂದ್ರರು ಇರುವವರೆಗೆ ಎಂಬುದು ಅವಧಿ. ಕೊಟ್ಟದ್ದನ್ನು ಕಸಿದುಕೊಂಡವರಿಗೆ ತಟ್ಟುವ ಪಾಪವನ್ನು ಕೊನೆಯಲ್ಲಿ ಕೆತ್ತಿರುತ್ತಾರೆ. ಕೊಟ್ಟವರ ಕಾಲ ಮುಗಿದ ಮೇಲೆ ಪಡೆದವರ ಕೈಯಲ್ಲಿ ಪುರಾವೆ ಉಳಿಯಬೇಕು ಎಂಬ ಎಚ್ಚರ ಅದರಲ್ಲಿದೆ. ಕಲ್ಲು ನಿಂತಿರುವುದು ದಾನ ಪಡೆದವರ ಅಂಗಳದಲ್ಲಿ. ಗಿಫ್ಟ್ ಕಾರ್ಡಿನ ವ್ಯವಸ್ಥೆಯಲ್ಲಿ ಪುರಾವೆಯೆಲ್ಲ ಕೊಟ್ಟವರ ಮೊಬೈಲಿನಲ್ಲಿ ಉಳಿದು, ಪಡೆದವರ ಕೈಗೆ ಬರುವುದು ಒಂದು ಸಂಖ್ಯೆ ಮಾತ್ರ. ನನ್ನ ತಕರಾರು ಇರುವುದು ಇಲ್ಲಿ.

ಮತ್ತೆ ಕಾನೂನಿನ ಮಾತಿಗೆ ಬಂದರೆ, ಕಾರ್ಡ್ ಎಂದರೆ ಸರಕೋ ದುಡ್ಡೋ ಎಂಬ ಪ್ರಶ್ನೆ ನಮ್ಮ ಹೈಕೋರ್ಟ್ ಮುಂದೆಯೇ ಬಂದಿತ್ತು. ಬೆಂಗಳೂರಿನ ಪ್ರೀಮಿಯರ್ ಸೇಲ್ಸ್ ಪ್ರಮೋಷನ್ ಎಂಬ ಸಂಸ್ಥೆ ಗಿಫ್ಟ್ ವೋಚರ್‌ಗಳನ್ನು ಕೊಂಡು ಕಂಪನಿಗಳಿಗೆ ಮಾರುತ್ತಿತ್ತು. ಕಂಪನಿಗಳು ಅವನ್ನು ನೌಕರರಿಗೆ ಹಂಚುತ್ತಿದ್ದವು. ವೋಚರ್ ಮಾರಾಟಕ್ಕೇ ಜಿ.ಎಸ್.ಟಿ. ಕಟ್ಟಬೇಕೆಂದು ರಾಜ್ಯದ ತೆರಿಗೆ ಪೂರ್ವನಿರ್ಣಯ ಪ್ರಾಧಿಕಾರ ಹೇಳಿತು, ಅದರ ಮೇಲ್ಮನವಿ ಪ್ರಾಧಿಕಾರವೂ ಎತ್ತಿಹಿಡಿಯಿತು. 2023ರ ಜನವರಿ 16ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ವೋಚರ್ ತಾನೇ ಒಂದು ಸರಕಲ್ಲ, ಸೇವೆಯೂ ಅಲ್ಲ. ಮುಂದೆ ಕೊಳ್ಳಲಿರುವ ವಸ್ತುವಿಗೆ ಮುಂಚಿತವಾಗಿ ಕಟ್ಟಿದ ಹಣದ ಗುರುತು ಮಾತ್ರ. ತೆರಿಗೆ ಬೀಳುವುದು ವಸ್ತು ಕೊಂಡಾಗ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ಇದೇ ಹಾದಿ ಹಿಡಿದು, ವೋಚರ್ ವಹಿವಾಟು ಸರಕಿನ ಪೂರೈಕೆಯೂ ಅಲ್ಲ, ಸೇವೆಯ ಪೂರೈಕೆಯೂ ಅಲ್ಲ ಎಂದು ಸ್ಪಷ್ಟಪಡಿಸಿತು. ಬಳಕೆಯಾಗದೆ ಉಳಿದ ವೋಚರ್ ಮೊತ್ತದ ಮೇಲೂ ಜಿ.ಎಸ್.ಟಿ. ಇಲ್ಲವೆಂದಿತು.

ಅದು ತೆರಿಗೆಯ ವ್ಯಾಜ್ಯ, ಗ್ರಾಹಕರ ವ್ಯಾಜ್ಯವಲ್ಲ, ನಿಜ. ಆದರೂ ಅದರೊಳಗಿನ ತರ್ಕ ಸಾಮಾನ್ಯ ಗ್ರಾಹಕನಿಗೂ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಕಾರ್ಡ್ ಎಂಬುದು ಮುಂಗಡ ಕಟ್ಟಿದ ಹಣವಾದರೆ, ಮಾರಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂಬ ಬೋರ್ಡ್ ಅದಕ್ಕೆ ಹೇಗೆ ಅನ್ವಯಿಸೀತು? ಕಂಪನಿ ಇನ್ನೂ ಏನನ್ನೂ ಮಾರಿಲ್ಲ. ಮುಂಗಡ ಹಿಡಿದುಕೊಂಡು ಕೂತಿದೆ ಅಷ್ಟೆ.

ಇನ್ನು ಮೇಷ್ಟ್ರ ಮಾತಿನ ಹಿಂದಿರುವ ಪ್ರಶ್ನೆ. ದುಡ್ಡು ಕೊಟ್ಟವರು ಬೇರೆಯವರಾದರೆ ಪಡೆದವರು ಗ್ರಾಹಕರಲ್ಲವೇ? ಕಾನೂನಿನ ಮಾತು ಇಲ್ಲಿ ಸಹಾಯವಾಣಿಯ ಮಾತಿಗಿಂತ ಉದಾರವಾಗಿದೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರನ್ನೂ, ಬೇರೆಯವರು ಹಣ ಕೊಟ್ಟ ಸೇವೆಯ ಫಲಾನುಭವಿಯನ್ನೂ ಗ್ರಾಹಕರೆಂದೇ ಪರಿಗಣಿಸುತ್ತದೆ. ಉಡುಗೊರೆಯಲ್ಲಿ ಕೊಟ್ಟವರ ಒಪ್ಪಿಗೆ ಇದ್ದೇ ಇರುತ್ತದಲ್ಲ. ಹಾಗಾಗಿ ನಾನು ಕೊಂಡವನಲ್ಲ, ನನಗೇನು ಹಕ್ಕು ಎಂದು ಕಾರ್ಡ್ ಪಡೆದವರು ಹಿಂಜರಿಯಬೇಕಾಗಿಲ್ಲ. ಬಿಲ್ ಬೇಕಾಗುವುದು ಹಣ ಸಂದಾಯವಾದದ್ದಕ್ಕೆ ಪುರಾವೆಯಾಗಿ. ಅದು ಇಲ್ಲದ್ದರಿಂದ ದೂರು ಸಾಬೀತು ಮಾಡುವುದು ಕಷ್ಟವಾಗಬಹುದು, ದೂರು ಕೊಡುವ ಹಕ್ಕು ಹೋಗುವುದಿಲ್ಲ.

ಮೇಷ್ಟ್ರ ವಿಷಯದಲ್ಲಿ, ಬಿಲ್ಲಿನ ಫೋಟೊ ಸಿಕ್ಕ ಮೇಲೆ ನಾನು ಎರಡನೆಯ ಸಲ ಕರೆ ಮಾಡಿದಾಗ ಸಿಕ್ಕ ಹೆಣ್ಣುಮಗಳು ಉತ್ತರ ಕರ್ನಾಟಕದವಳು ಎಂಬುದು ಮಾತಿನಲ್ಲೇ ತಿಳಿಯಿತು. "ಬಿಲ್ಲಿಂದು ಫೋಟೊ, ಕಾರ್ಡಿನ ಹಿಂದಿನ ಬಾಜೂದು ಫೋಟೊ ಎರಡೂ ಮೇಲ್ ಮಾಡ್ರಿ ಸರ್. ಪಿನ್ ಮ್ಯಾಲ ಬಟ್ಟ ಇಟ್ಟ ಫೋಟೊ ತಗೀರಿ, ಪಿನ್ ಯಾರಿಗೂ ಕಳಸಬ್ಯಾಡ್ರಿ" ಎಂದು ಸಾವಧಾನವಾಗಿ ಹೇಳಿ, ದೂರಿನ ಸಂಖ್ಯೆಯನ್ನು ಎರಡು ಸಲ ಓದಿ ಬರೆಸಿದಳು. ಈ ಕೆಲಸದಲ್ಲಿರುವ ಮಕ್ಕಳ ಮೇಲೆ ರೇಗುವುದರಿಂದ ಏನೂ ಆಗದು. ಅವರು ಬಹಳ ಸಲ ಗುತ್ತಿಗೆ ಸಂಸ್ಥೆಯ ನೌಕರರು, ಹಣ ಮರಳಿಸುವ ಅಧಿಕಾರ ಅವರಿಗಿಲ್ಲ. ಅವರಿಂದ ತಪ್ಪದೆ ಪಡೆಯಬೇಕಾದದ್ದು ದೂರಿನ ಸಂಖ್ಯೆ. ಕಂಪನಿ ಉತ್ತರಿಸಬೇಕಾದ ಗಡುವು ಎಣಿಕೆಯಾಗುವುದು ದೂರು ದಾಖಲಾದ ದಿನದಿಂದ.

ಹಳೆಯ ವಿದ್ಯಾರ್ಥಿ ಮೇಲ್ ಮಾಡಿದ, ಕಾರ್ಡ್ ಚಾಲೂ ಆಯಿತು. ಅವಧಿಯನ್ನು ಕೊಂಡ ದಿನದಿಂದಲ್ಲ, ಚಾಲೂ ಆದ ದಿನದಿಂದ ಎಣಿಸಬೇಕೆಂದು ಕೇಳಿ ಬರೆಸಿಕೊಂಡದ್ದೂ ಒಳ್ಳೆಯದಾಯಿತು. ಮೇಷ್ಟ್ರಿಗೆ ಶರ್ಟು ಸಿಕ್ಕಿತು. ಮನೆಯವರು ಕೂಡ ಈ ಸಲ ಇನ್ನೊಂದು ಸೀರೆ ತಂದರು.

ಎಲ್ಲರಿಗೂ ಹೀಗೆ ಸಲೀಸಾಗಿ ಮುಗಿಯುವುದಿಲ್ಲ. ಆಗ ಹೋಗುವ ದಾರಿಗಳನ್ನು ಹೇಳುತ್ತೇನೆ. ಆನ್‌ಲೈನ್‌ನಲ್ಲಿ ಕೊಂಡ ಕಾರ್ಡಾದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಜಾಲತಾಣದಲ್ಲಿ ಇರಲೇಬೇಕು. ಅದರಿಂದಲೂ ಆಗದಿದ್ದರೆ 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುವವರು. ಹಾಗಿದ್ದರೂ ಸಣ್ಣ ಮೊತ್ತದ ದೂರಿಗೆ ಇದು ಮೊದಲು ಹಿಡಿಯಬೇಕಾದ ದಾರಿ, ಖರ್ಚಿಲ್ಲ, ಊರು ಬಿಟ್ಟು ಹೋಗಬೇಕಾಗಿಲ್ಲ.

ಬ್ಯಾಂಕಿನ ಕಾರ್ಡೋ ರಿಸರ್ವ್ ಬ್ಯಾಂಕ್ ಅನುಮತಿ ಪಡೆದ ಸಂಸ್ಥೆಯ ಕಾರ್ಡೋ ಆಗಿದ್ದು, ಬರಹದಲ್ಲಿ ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ವ್ಯವಸ್ಥೆ ಇದೆ. ಮೊದಲು ಬೇರೆಬೇರೆಯಾಗಿದ್ದ ಒಂಬುಡ್ಸ್‌ಮನ್ ಯೋಜನೆಗಳನ್ನು 2021ರ ನವೆಂಬರ್‌ನಲ್ಲಿ ಒಂದುಗೂಡಿಸಿದರು. ದೂರಿಗೆ ಶುಲ್ಕವಿಲ್ಲ, ವಕೀಲರು ಬೇಡ. 14448ಕ್ಕೆ ಕರೆ ಮಾಡಿ ಮಾಹಿತಿ ಪಡೆಯಬಹುದು.

ಅಂಗಡಿಯದೇ ಕಾರ್ಡಾದರೆ ಈ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಹಾಸನದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವೇ ಗತಿ, ಮತ್ತು ಗಟ್ಟಿಯಾದ ಗತಿ. ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದ ಕಚೇರಿ ಇದ್ದ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಹಾಕಬೇಕಿತ್ತು. ಮುಂಬೈ ಕಂಪನಿಯ ಮೇಲೆ ಹಳೇಬೀಡಿನವರು ದೂರು ಹಾಕುವುದು ಹೆಚ್ಚುಕಡಿಮೆ ಆಗದ ಮಾತಾಗಿತ್ತು. 2019ರ ಕಾಯ್ದೆ ಇದನ್ನು ಬದಲಿಸಿತು. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಎಲ್ಲಿದ್ದರೂ ಸರಿ, ಕಾರ್ಡ್ ಬೆಂಗಳೂರಿನಲ್ಲಿ ಕೊಂಡದ್ದಾದರೂ ಸರಿ. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ಸ್ವತಃ ವಾದಿಸಬಹುದು, ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಕೋರಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು ಎಂಬುದನ್ನು ಮಾತ್ರ ಮರೆಯಬಾರದು. ಐದು ಸಾವಿರ ರೂಪಾಯಿಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ತೆಂಗಿನಕಾಯಿಗೆ ಕಾಸು ಕಾಸು ಚೌಕಾಸಿ ಮಾಡಿ ಬದುಕುವ ಸೀಮೆಯಲ್ಲಿ ಐದು ಸಾವಿರ ಸಣ್ಣ ಹಣವಲ್ಲ.

ಕೊಡುವವರಿಗೂ ಒಂದು ಮಾತಿದೆ. ಉಡುಗೊರೆ ಕೊಡುವಾಗ ಬೆಲೆ ಚೀಟಿ ಕಿತ್ತು ಹಾಕುವುದು ನಮ್ಮ ಈಚಿನ ಸಭ್ಯತೆ. ಸೀರೆಗೆ, ಪಾತ್ರೆಗೆ ಅದು ಸರಿ. ಕಾರ್ಡಿನ ಮೊತ್ತ ಪಡೆದವರಿಗೆ ಹೇಗೂ ತಿಳಿಯುತ್ತದೆ, ಮುಚ್ಚಿಡುವುದು ಏನೂ ಉಳಿದಿಲ್ಲ. ಕೌಂಟರಿನಲ್ಲೇ ನಿಂತು ಬಿಲ್ಲಿನಲ್ಲಿ ಪ್ರತಿ ಕಾರ್ಡಿಗೂ ಮಂಜೂರಾತಿ ಸಂಖ್ಯೆ ಬಂದಿದೆಯೇ ನೋಡಿಕೊಳ್ಳಿ. ಮೊತ್ತ ಜಮೆಯಾಗಿದೆಯೇ ಎಂದು ಪರೀಕ್ಷಿಸಲು ಅಂಗಡಿಯವರನ್ನೇ ಕೇಳಿ. ಕಾರ್ಡ್ ತಲುಪುವ ಊರಿನ ಹತ್ತಿರ ಅದು ನಡೆಯುವ ಮಳಿಗೆ ಇದೆಯೇ ವಿಚಾರಿಸಿ. ಬಿಲ್ಲಿನ ನಕಲನ್ನು ಕವರಿನೊಳಗೇ ಹಾಕಿ, ಕವರಿನ ಮೇಲೆ ಅವಧಿ ಮುಗಿಯುವ ತಾರೀಖು ಬರೆದು ಕೊಡಿ. ಸಂದೇಶದಲ್ಲಿ ಕಳಿಸುವುದಾದರೆ ಖರೀದಿಯ ಇ-ಮೇಲ್ ಅನ್ನೂ ಜೊತೆಗೆ ಕಳಿಸಿ. ಪಡೆದವರು ಕಾರ್ಡ್ ಬಂದ ವಾರದಲ್ಲೇ ಬಾಕಿ ಮೊತ್ತ ನೋಡಿಕೊಂಡು, ತಡಮಾಡದೆ ಖರ್ಚು ಮಾಡುವುದು ಕ್ಷೇಮ.

ಕಂಪನಿಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ಉಡುಗೊರೆ ಕಾರ್ಡ್ ಎಂದು ಹೆಸರಿಟ್ಟು ಮಾರುವಾಗಲೇ ಅದು ಬೇರೆಯವರ ಕೈಗೆ ಹೋಗುತ್ತದೆ ಎಂದು ಅವರಿಗೆ ತಿಳಿದಿದೆ. ಪಡೆದವರಿಗೆಂದೇ ಇನ್ನೊಂದು ಚೀಟಿಯನ್ನು, ಕಾರ್ಡಿನ ಸಂಖ್ಯೆ, ಮಂಜೂರಾತಿ ಸಂಖ್ಯೆ, ಕೊಂಡ ದಿನಾಂಕದೊಂದಿಗೆ, ಕೌಂಟರಿನಲ್ಲೇ ಅಚ್ಚು ಮಾಡಿ ಕೊಡಲು ಕಾಗದದಷ್ಟೇ ಖರ್ಚು. ಕಾರ್ಡ್ ಹಿಡಿದು ಬಂದವರ ದೂರನ್ನು ಕಾರ್ಡ್ ಹಿಡಿದವರಿಂದಲೇ ತೆಗೆದುಕೊಳ್ಳಲಿ. ಕರ್ನಾಟಕದಲ್ಲಿ ಮಾರುವ ಕಾರ್ಡಿನ ಹಿಂಬದಿಯಲ್ಲಿ ಷರತ್ತು, ಅವಧಿ, ಸಹಾಯವಾಣಿ ಸಂಖ್ಯೆ ಕನ್ನಡದಲ್ಲಿರಲಿ. ರಿಸರ್ವ್ ಬ್ಯಾಂಕ್ ತನ್ನ ಹಿಡಿತದಲ್ಲಿರುವ ಕಾರ್ಡ್‌ಗಳಿಗೆ ಸ್ಥಳೀಯ ಭಾಷೆ ಇದ್ದರೆ ಮೇಲು ಎಂದು ಬರೆದಿರುವುದನ್ನು ಅಂಗಡಿಯ ಕಾರ್ಡ್‌ಗಳಿಗೂ ಸೇರಿಸಿ ಕಡ್ಡಾಯ ಮಾಡುವ ಅಧಿಕಾರ ಸರ್ಕಾರಕ್ಕಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೆ ಈ ಬಗ್ಗೆ ಬರೆಯಲು ಯಾವ ಗ್ರಾಹಕ ಸಂಘಕ್ಕೂ ಅಡ್ಡಿಯಿಲ್ಲ, ಹಾಸನ ಜಿಲ್ಲೆಯಿಂದಲೇ ಆ ಪತ್ರ ಹೋಗಬಹುದು.